ಹಳತಾದಷ್ಟೂ ಹದವೇ? ಕೆಂಪು ವೈನಿನ ವಯಸ್ಸಿನ ವಾದ

ಬಂಟ್ವಾಳ, ಬೆಳ್ತಂಗಡಿ ಕಡೆಯ ಅಡಿಕೆ ಬೆಳೆಗಾರರಿಗೆ ವಯಸ್ಸಿಗೂ ಬೆಲೆಗೂ ಇರುವ ನಂಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಾರುಕಟ್ಟೆಯ ದರಪಟ್ಟಿಯಲ್ಲಿ ಹೊಸ ಅಡಿಕೆಗೊಂದು ದರ, ವರ್ಷ ದಾಟಿದ ಹಳೆ ಅಡಿಕೆಗೊಂದು ದರ, ಅದಕ್ಕೂ ಹಳತಾದ ಡಬ್ಬಲ್ ಚೋಲಿಗೆ ಮತ್ತೊಂದು. ಕಾದವನಿಗೆ ನಾಲ್ಕು ಕಾಸು ಹೆಚ್ಚು, ಹುಳ ಹಿಡಿದರೆ ಇದ್ದದ್ದೂ ಹೋಯಿತು. ಇದೇ ತಾಲೂಕುಗಳ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆಯ ಪಕ್ಕ ಬರುವ ಕೆಂಪು ವೈನಿನ ವಿಷಯದಲ್ಲಿ ಮಾತ್ರ ಲೆಕ್ಕ ಇಷ್ಟು ನೇರವಾಗಿಲ್ಲ. ಈ ವರ್ಷದ್ದನ್ನು ಈ ವರ್ಷವೇ ಮುಗಿಸಬೇಕು ಎನ್ನುವವರಿದ್ದಾರೆ. ಹೋದ ವರ್ಷದ ಬಾಟಲಿಯನ್ನು ಕಪಾಟಿನ ಹಿಂದಿನಿಂದ ತೆಗೆದು, ನೆಂಟರ ಮುಂದೆ ಇಡುವಾಗ ಒಂದು ಗತ್ತು ತೋರುವವರೂ ಇದ್ದಾರೆ.

ಮನೆಯೊಳಗಿನ ಈ ತಕರಾರಿಗೆ ಎರಡು ಸಾವಿರ ವರ್ಷಗಳ ಹಿನ್ನೆಲೆಯಿದೆ. ವೈನ್ ಹಳತಾದಷ್ಟೂ ರುಚಿ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ, ಆದರೆ ಅದು ಯಾವ ವೈನಿಗೆ, ಎಲ್ಲಿ ಇಟ್ಟರೆ, ಎಷ್ಟು ಕಾಲ ಎಂದು ಕೇಳಿದರೆ ರಸಾಯನ ವಿಜ್ಞಾನಿ, ವ್ಯಾಪಾರಿ, ವೈದ್ಯ, ಧರ್ಮಗುರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ಅವರೆಲ್ಲರ ವಾದವನ್ನು ಕರಾವಳಿಯ ಕಡೆಯಿಂದ ನೋಡುವ ಪ್ರಯತ್ನ ಇದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಯಸ್ಸಿನಿಂದ ಮೇಲೇರುವ ವೈನುಗಳು ಬಹಳ ಕಡಿಮೆ, ಅವನ್ನು ಸರಿಯಾಗಿ ಕಾಪಿಡಬಲ್ಲ ಜಾಗಗಳು ಇನ್ನೂ ಕಡಿಮೆ, ನಮ್ಮ ಸೆಕೆಯ ಊರುಗಳು ಆ ಪಟ್ಟಿಯಲ್ಲಿ ಇಲ್ಲ.

ಕೊಂಡಾಟ, ಮರೆವು, ಮತ್ತೆ ಕೊಂಡಾಟ

ಹಳೆಯ ವೈನನ್ನು ತಲೆಯ ಮೇಲೆ ಹೊತ್ತವರಲ್ಲಿ ರೋಮನ್ನರು ಪ್ರಮುಖರು. ಕ್ರಿ.ಪೂ. 121ರಲ್ಲಿ ಒಪಿಮಿಯಸ್ ಎಂಬಾತ ಕಾನ್ಸಲ್ ಆಗಿದ್ದ ವರ್ಷದ ಸುಗ್ಗಿ ಅವರಲ್ಲಿ ದಂತಕಥೆಯಾಗಿತ್ತು. ಸುಮಾರು ಇನ್ನೂರು ವರ್ಷಗಳ ನಂತರ ರೋಮನ್ ಲೇಖಕ ಪ್ಲಿನಿ ಅದರ ಬಗ್ಗೆ ಬರೆಯುವಾಗ, ಉಳಿದದ್ದು ಕಹಿಯಾದ ಗಟ್ಟಿ ಜೇನಿನಂತಾಗಿದೆ, ನೀರು ಬೆರೆಸದೆ ಕುಡಿಯಲಾಗದು ಎನ್ನುತ್ತಾನೆ. ಬೆಲೆ ಮಾತ್ರ ಇಳಿದಿರಲಿಲ್ಲ. ಕುಡಿಯಲಾಗದ್ದಕ್ಕೂ ಹಳತೆಂಬ ಕಾರಣಕ್ಕೆ ಬೆಲೆ ಕಟ್ಟುವ ಅಭ್ಯಾಸ ಆಗಲೇ ಶುರುವಾಗಿತ್ತು. ಅದೇ ಕಾಲದಲ್ಲಿ ರೋಮನ್ ವೈನು ನಮ್ಮ ಪಶ್ಚಿಮ ಕರಾವಳಿಗೂ ಬರುತ್ತಿತ್ತು. ಭರೂಚಿಗೂ ಮುಜಿರಿಸ್‌ಗೂ ವೈನ್ ಆಮದಾಗುತ್ತಿದ್ದುದನ್ನು ಆ ಕಾಲದ ಗ್ರೀಕ್ ನೌಕಾ ಕೈಪಿಡಿ ‘ಪೆರಿಪ್ಲಸ್’ ದಾಖಲಿಸಿದೆ.

ನಮ್ಮ ಶಾಸ್ತ್ರಗಳೂ ಸುಮ್ಮನಿರಲಿಲ್ಲ. ಹೊಸ ಮದ್ಯ ಜಡ, ದೋಷಗಳನ್ನು ಕೆರಳಿಸುತ್ತದೆ. ಹಳತಾದದ್ದು ಹಗುರ, ಹಸಿವು ಹೆಚ್ಚಿಸುತ್ತದೆ, ದೇಹದ ನಾಳಗಳನ್ನು, ಅಂದರೆ ಸ್ರೋತಸ್ಸುಗಳನ್ನು ಶುದ್ಧ ಮಾಡುತ್ತದೆ ಎಂಬುದು ಚರಕನ ನಿಲುವು. ಆಸವ, ಅರಿಷ್ಟಗಳು ಹಳತಾದಷ್ಟೂ ಗುಣ ಹೆಚ್ಚು ಎಂದು ಶಾರ್ಙ್ಗಧರ ಹೇಳುತ್ತಾನೆ. ಒಣದ್ರಾಕ್ಷಿಯ ಕಷಾಯಕ್ಕೆ ಬೆಲ್ಲ ಸೇರಿಸಿ, ಏಲಕ್ಕಿ, ದಾಲ್ಚಿನ್ನಿ, ಹಿಪ್ಪಲಿ ಹಾಕಿ ಹುದುಗಿಸುವ ದ್ರಾಕ್ಷಾರಿಷ್ಟವನ್ನು ಮೂಡುಬಿದಿರೆಯಂಥ ಆಯುರ್ವೇದ ಕಾಲೇಜಿರುವ ಊರಿನಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ಮದ್ಯ ಮುಟ್ಟದ ಮನೆಗಳಲ್ಲೂ ಅದು ಔಷಧಿಯ ಅಳತೆಯಲ್ಲಿ ಒಳಗೆ ಬರುತ್ತದೆ. ಅದರಲ್ಲೂ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ ಎಂಬುದನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಆದರೆ ಯುರೋಪಿನಲ್ಲಿ ರೋಮ್ ಬಿದ್ದ ಮೇಲೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಗಾಳಿ ತಿರುಗಿ ಬೀಸಿತು. ಮೊಹರು ಮಾಡಿದ ಮಣ್ಣಿನ ಜಾಡಿಗಳು ಹೋಗಿ ಮರದ ಪೀಪಾಯಿಗಳು ಬಂದವು. ಪೀಪಾಯಿಯ ವೈನು ವರ್ಷ ತುಂಬುವುದರೊಳಗೆ ಹುಳಿಯತ್ತ ವಾಲುತ್ತಿತ್ತು. ಹಾಗಾಗಿ ಹೊಸ ಸುಗ್ಗಿಯ ವೈನು ಬಂದರೆ ಹಳೆಯದರ ಬೆಲೆ ಕುಸಿಯುತ್ತಿತ್ತು, ಇವತ್ತಿನ ಲೆಕ್ಕಕ್ಕೆ ಸರಿ ಉಲ್ಟಾ. 17ನೇ ಶತಮಾನದಲ್ಲಿ ಗಟ್ಟಿ ಗಾಜಿನ ಬಾಟಲಿ, ಅದಕ್ಕೆ ಬಿಗಿಯಾದ ಬೆಂಡಿನ ಬಿರಡೆ, ಪೀಪಾಯಿಯೊಳಗೆ ಗಂಧಕ ಉರಿಸುವ ಪದ್ಧತಿ ಒಟ್ಟಿಗೆ ಕೂಡಿದ ಮೇಲಷ್ಟೇ ವೈನು ಮತ್ತೆ ವಯಸ್ಸಾಗಲು ಕಲಿತದ್ದು. 1855ರಲ್ಲಿ ಫ್ರಾನ್ಸಿನ ಬೋರ್ಡೊದ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸುವ ಹೊತ್ತಿಗೆ ನೆಲಮಾಳಿಗೆಯ ದೂಳು ಹಿಡಿದ ಬಾಟಲಿ ಶ್ರೀಮಂತಿಕೆಯ ಗುರುತಾಗಿತ್ತು. ಅಂದರೆ ನಾವು ಸನಾತನವೆಂದುಕೊಂಡಿರುವ ಈ ಮಾತಿಗೆ ಈಚಿನ ರೂಪದಲ್ಲಿ ಮುನ್ನೂರೈವತ್ತು ವರ್ಷವೂ ಆಗಿಲ್ಲ.

ಭರಣಿಯ ಪಕ್ಷ

ನಮ್ಮ ಊರಿನ ವೈನು ಬೇರೆಯೇ ಜಾತಿಯದು. ಪೋರ್ಚುಗೀಸರ ಗೋವೆಯಿಂದ ಬಂದ ಕುಟುಂಬಗಳ ಮೂಲಕ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಬೇರು ಬಿಟ್ಟ ಪದ್ಧತಿ ಇದು. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರೋ ಮಲಬಾರ್ ಕುಟುಂಬಗಳಿಗೂ ತಮ್ಮದೇ ಕ್ರಿಸ್ಮಸ್ ವೈನಿನ ರೂಢಿಯಿದೆ. 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ಹುಟ್ಟಿದ್ದೂ ಈ ವಲಸೆಯ ಬಲದಿಂದಲೇ.

ದ್ರಾಕ್ಷಿ ಇಲ್ಲಿ ಬೆಳೆಯುವುದಿಲ್ಲ. ಘಟ್ಟ ಇಳಿದು ಬರುವ ಕಪ್ಪು ದ್ರಾಕ್ಷಿಯನ್ನೇ ಕೊಳ್ಳಬೇಕು. ಅದು ಹೆಚ್ಚಾಗಿ ‘ಬೆಂಗಳೂರು ನೀಲಿ’; ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸುತ್ತ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ತಳಿ. ಹಣ್ಣನ್ನು ತೊಳೆದು, ತೊಟ್ಟು ಬಿಡಿಸಿ, ಪೂರ್ತಿ ಒರೆಸಿ ಒಣಗಿಸಿ ಭರಣಿಗೆ ಹಾಕುತ್ತಾರೆ. ಹೆಚ್ಚುಕಡಿಮೆ ಸಮತೂಕದ ಸಕ್ಕರೆ, ಕುದಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಸ್ವಲ್ಪ ಯೀಸ್ಟ್, ಕೆಲವರಲ್ಲಿ ಚಕ್ಕೆ ಲವಂಗ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲಿನ ಮೂಲೆಯಲ್ಲಿಟ್ಟು ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುವುದು. ಸೌಟಿನಲ್ಲಿ ಹನಿ ನೀರಿದ್ದರೂ ಮನೆಯ ಹಿರಿಯರು ಬಯ್ಯುತ್ತಾರೆ. ಮೊದಲ ವಾರ ಸಿಪ್ಪೆಗಳು ಮೇಲೆದ್ದು ಟೊಪ್ಪಿಯಂತೆ ಕೂರುತ್ತವೆ, ಕಿವಿಯಿಟ್ಟರೆ ಸಣ್ಣಗೆ ಚಿಟಿಚಿಟಿ ಸದ್ದು. 21 ದಿನಕ್ಕೆ ಸೋಸಿ, ಮತ್ತೆರಡು ಮೂರು ವಾರ ಗಷ್ಟು ತಳಕ್ಕೆ ಇಳಿಯಲು ಬಿಟ್ಟು, ತಿಳಿಯನ್ನು ಬಾಟಲಿಗೆ ತುಂಬುವುದು.

ಕೊನೆಯ ಹಂತದಲ್ಲಿ ಒಂದು ಕೈಚಳಕವಿದೆ. ಬಾಣಲೆಯಲ್ಲಿ ಸಕ್ಕರೆಯನ್ನು ಕಂದು ಬಣ್ಣಕ್ಕೆ ಬರುವವರೆಗೆ ಸುಟ್ಟು, ನೀರಲ್ಲಿ ಕರಗಿಸಿ ವೈನಿಗೆ ಸೇರಿಸುತ್ತಾರೆ. ನೇರಳೆಯಿದ್ದ ಬಣ್ಣ ಇಟ್ಟಿಗೆಗೆಂಪಿನತ್ತ ತಿರುಗುತ್ತದೆ. ಬೋರ್ಡೊದ ಬಾಟಲಿಗೆ ಇಪ್ಪತ್ತು ವರ್ಷದಲ್ಲಿ ಬರುವ ಬಣ್ಣ ಇಲ್ಲಿ ಐದು ನಿಮಿಷದಲ್ಲಿ ಬರುತ್ತದೆ. ಇದನ್ನು ಮೋಸ ಎನ್ನಲು ಮನಸ್ಸಾಗುವುದಿಲ್ಲ, ಯಾರೂ ಅದನ್ನು ಹಳೆಯದೆಂದು ಮಾರುವುದಿಲ್ಲವಲ್ಲ.

ಈ ಪಕ್ಷದವರ ವಾದ ಸರಳ: ಹೊಸ ವೈನಿನಲ್ಲಿ ಯೀಸ್ಟಿನ ಹಸಿ ವಾಸನೆ ಇರುತ್ತದೆ, ಆರು ತಿಂಗಳು ವರ್ಷ ಕಳೆದರೆ ಅದು ಅಡಗಿ ರುಚಿ ದುಂಡಗಾಗುತ್ತದೆ. ಇದರಲ್ಲಿ ಹುರುಳಿದೆ. ಯೀಸ್ಟ್ ಪೂರ್ತಿ ತಳ ಸೇರಿ ತಿಳಿಯಾಗಲು ಸಮಯ ಬೇಕು, ಉಳಿದ ಸಕ್ಕರೆಯ ಸಿಹಿ ಚೊಗರನ್ನು ಮರೆಮಾಚುತ್ತದೆ. ಇವರು ವಿವರಿಸಲಾರದ್ದು ಎರಡನೆಯ ವರ್ಷದ ನಂತರದ ಕಥೆ. ಬಟ್ಟೆ ಕಟ್ಟಿದ ಭರಣಿಗೆ ಗಾಳಿ ನುಗ್ಗಿರುತ್ತದೆ, ಅರ್ಧ ತುಂಬಿದ ಬಾಟಲಿಯಲ್ಲಿ ಇನ್ನೂ ಗಾಳಿ. ಬೆಂಗಳೂರು ನೀಲಿಯ ತೀಕ್ಷ್ಣ ಹಣ್ಣಿನ ಘಮ ಮೊದಲು ಹೋಗುತ್ತದೆ, ಹಿಂದೆಯೇ ವಿನೆಗರ್ ವಾಸನೆ ಬಂದರೂ ಆಶ್ಚರ್ಯವಿಲ್ಲ. ಬೀಟ್‌ರೂಟ್, ಅನಾನಸು, ನೆಲ್ಲಿಕಾಯಿಯ ವೈನುಗಳಿಗೂ ಇದೇ ಗತಿ. ಪೂಜೆಯ ವೈನಿನ ವಿಷಯದಲ್ಲಿ ಚರ್ಚಿನ ನಿಯಮ ಸ್ಪಷ್ಟ: ಅದು ದ್ರಾಕ್ಷಿಯದ್ದೇ ಆಗಿರಬೇಕು, ನೈಸರ್ಗಿಕವಾಗಿರಬೇಕು, ಕೆಟ್ಟಿರಬಾರದು. ಎಷ್ಟು ಹಳತು ಎಂದು ಚರ್ಚು ಕೇಳುವುದಿಲ್ಲ, ಹುಳಿಯಾಗಿದೆಯೇ ಎಂದಷ್ಟೇ ಕೇಳುತ್ತದೆ.

ರಸಾಯನದ ಪಕ್ಷಗಳು

ಬಾಟಲಿಯೊಳಗೆ ಆಗುವುದೇನು ಎಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. 1866ರಲ್ಲಿ ವೈನಿನ ಮೇಲೆ ಗ್ರಂಥ ಪ್ರಕಟಿಸಿದ ಲೂಯಿ ಪಾಶ್ಚರ್ ಪ್ರಕಾರ ವೈನನ್ನು ಮಾಗಿಸುವುದು ಆಮ್ಲಜನಕವೇ. ಪೀಪಾಯಿಯ ಮರದ ಮೂಲಕ ಹನಿಹನಿಯಾಗಿ ಒಳಬರುವ ಗಾಳಿ ವೈನನ್ನು ಪಳಗಿಸುತ್ತದೆ. 20ನೇ ಶತಮಾನದಲ್ಲಿ ಬೋರ್ಡೊದ ರಿಬೆರೊ ಗಯೊನ್ ಮತ್ತು ಅವರ ಶಿಷ್ಯರು ಇದಕ್ಕೆ ತಿದ್ದುಪಡಿ ತಂದರು. ಪೀಪಾಯಿಯಲ್ಲಿ ಪಾಶ್ಚರ್ ಹೇಳಿದ್ದು ಸರಿ, ಬಾಟಲಿಯಲ್ಲಿ ಮಾತ್ರ ಗಾಳಿಯಿಲ್ಲದ ಸ್ಥಿತಿಯೇ ಮಾಗಿಸುತ್ತದೆ ಎಂಬುದು ಅವರ ಪಕ್ಷ. 1999ರಲ್ಲಿ ಆಸ್ಟ್ರೇಲಿಯದ ವೈನ್ ಸಂಶೋಧನಾ ಸಂಸ್ಥೆ ಒಂದೇ ಬಿಳಿ ವೈನನ್ನು ಬೇರೆ ಬೇರೆ ಬಿರಡೆ, ತಿರುಪು ಮುಚ್ಚಳಗಳಲ್ಲಿ ತುಂಬಿಸಿಟ್ಟು ನೋಡಿದಾಗ ಒಂದೇ ವೈನು ಮುಚ್ಚಳಕ್ಕೊಂದು ದಾರಿ ಹಿಡಿಯಿತು. ಸ್ವಲ್ಪ ಗಾಳಿ ಬೇಕೋ, ಬೇಡವೇ ಬೇಡವೋ ಎಂಬ ಜಗಳ ಆ ಮೇಲೆ ಮುಚ್ಚಳ ಮಾರುವವರ ಜಗಳವೂ ಆಯಿತು.

ಚೊಗರಿನ ಬಗ್ಗೆ ಹಳೆಯ ವಿವರಣೆ ಪಠ್ಯಪುಸ್ತಕಗಳಲ್ಲಿ ಈಗಲೂ ಇದೆ: ಟ್ಯಾನಿನ್ ಅಣುಗಳು ಒಂದಕ್ಕೊಂದು ಕೂಡಿ ಉದ್ದವಾಗುತ್ತವೆ, ಭಾರವಾಗಿ ಗಷ್ಟಾಗಿ ಇಳಿಯುತ್ತವೆ, ಆದ್ದರಿಂದ ಹಳೆಯ ವೈನು ನಾಲಿಗೆಗೆ ಮೃದು. ಕೇಳಲು ಚೆಂದ. 2003ರ ಸುಮಾರಿಗೆ ಫ್ರಾನ್ಸಿನ ಸಂಶೋಧಕರು ಅಣು ಉದ್ದವಾದಷ್ಟೂ ಚೊಗರು ಹೆಚ್ಚುತ್ತದೆ ಎಂದು ತೋರಿಸಿದ ಮೇಲೆ ಈ ವಿವರಣೆಯ ಕಾಲು ಅಲ್ಲಾಡಿತು. ವೈನಿನ ಹುಳಿ ಉದ್ದನೆಯ ಅಣುಗಳನ್ನು ಮತ್ತೆ ತುಂಡರಿಸುತ್ತದೆ, ಕೆಂಪು ಬಣ್ಣದ ಆಂಥೋಸಯನಿನ್ ಅವಕ್ಕೆ ಅಂಟಿಕೊಂಡು ಸ್ವಭಾವ ಬದಲಿಸುತ್ತದೆ ಎಂಬುದು ಹೊಸ ವಾದ. ಬಣ್ಣ ನೇರಳೆಯಿಂದ ಇಟ್ಟಿಗೆಗೆಂಪಿಗೆ ಹೊರಳುವುದು ಇದರಿಂದಲೇ ಎಂಬಷ್ಟಕ್ಕೆ ಎಲ್ಲರ ಒಪ್ಪಿಗೆಯಿದೆ.

ಈ ಎಲ್ಲದರಿಂದ ನಮಗೆ ಬೇಕಾದ ಮಾತು ಒಂದೇ. ವಯಸ್ಸಾಗಲು ವೈನಿನಲ್ಲಿ ಬಂಡವಾಳವಿರಬೇಕು: ಹುಳಿ, ಚೊಗರು, ಹಣ್ಣಿನ ಸಾಂದ್ರತೆ. ಅದಿಲ್ಲದ ವೈನು ಮಾಗುವುದಿಲ್ಲ, ಬಾಡುತ್ತದೆ. ಲೋಕದಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು.

ಸೆಕೆಯ ವಾದ

ವೈನ್ ಇಡಲು ತಜ್ಞರು ಸೂಚಿಸುವ ಉಷ್ಣತೆ 12–13 ಡಿಗ್ರಿ ಸೆಲ್ಸಿಯಸ್. ಮಂಗಳೂರಿನ ವರ್ಷದ ಸರಾಸರಿಯೇ 27ರ ಆಸುಪಾಸು. ಸಮುದ್ರದ ಗಾಳಿ ಅಷ್ಟಾಗಿ ತಲುಪದ ಬಂಟ್ವಾಳದಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆಂದು ಅಲ್ಲಿನವರಿಗೆ ಗೊತ್ತು. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿ ಎಂಬ ಹಳೆಯ ಲೆಕ್ಕ ಹಿಡಿದರೆ, ಇಲ್ಲಿನ ಕಪಾಟಿನಲ್ಲಿ ಕಳೆದ ಒಂದು ವರ್ಷ ತಂಪು ನೆಲಮಾಳಿಗೆಯ ಎರಡೂವರೆ, ಮೂರು ವರ್ಷಕ್ಕೆ ಸಮ. ಹಾಗಾದರೆ ಬೇಗ ಹಳತಾಗುವುದು ಲಾಭವಲ್ಲವೇ ಎಂದು ಕೇಳಬಹುದು. ತೊಡಕೇನೆಂದರೆ ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಹಣ್ಣಿನ ಘಮ ಓಡಿಹೋಗುತ್ತದೆ, ಬೇಯಿಸಿದ ವಾಸನೆ ಮುಂದೆ ಬರುತ್ತದೆ, ಚೊಗರು ಅಲ್ಲೇ ಉಳಿಯುತ್ತದೆ. ಮಳೆಗಾಲದ ತೇವ ಮಾತ್ರ ಬಿರಡೆಗೆ ಒಳ್ಳೆಯದು, ಅದು ಒಣಗಿ ಬಿರುಕು ಬಿಡುವುದಿಲ್ಲ. ಲೇಬಲ್ಲಿಗೆ ಬೂಸು ಬಂದೀತು, ಅಷ್ಟೇ.

ಇದಕ್ಕೆ ಇತಿಹಾಸದಲ್ಲೊಂದು ಎದುರುತ್ತರವಿದೆ, ಅದೂ ನಮ್ಮ ಸಮುದ್ರದ ದಾರಿಯಲ್ಲೇ. ಪೋರ್ಚುಗೀಸರ ಮದೀರಾ ದ್ವೀಪದ ವೈನು ಹಡಗಿನ ಒಡಲಲ್ಲಿ ಉಷ್ಣವಲಯ ದಾಟಿ ಇಂಡಿಯಾಕ್ಕೆ ಹೋಗಿ ಬಂದರೆ ಇನ್ನೂ ರುಚಿಯಾಗುತ್ತದೆ ಎಂದು ವರ್ತಕರು ಕಂಡುಕೊಂಡರು. ಯಾತ್ರೆ ಮುಗಿಸಿ ಬಂದ ಪೀಪಾಯಿಗೆ ಬೇರೆ ಬೆಲೆ. ಆಮೇಲೆ ಹಡಗಿನ ಖರ್ಚು ಉಳಿಸಲು ದ್ವೀಪದಲ್ಲೇ ಬಿಸಿ ಕೋಣೆಗಳಲ್ಲಿ ಕಾಯಿಸುವ ಪದ್ಧತಿ ಬಂತು. ಶತಮಾನ ದಾಟಿದ ಮದೀರಾ ಈಗಲೂ ಕುಡಿಯಬಹುದು. ಆದರೆ ಅದಕ್ಕೆ ಬ್ರಾಂಡಿ ಬೆರೆಸಿ ಬಲ ಕೊಟ್ಟಿರುತ್ತಾರೆ, ಹುಳಿಯೂ ವಿಪರೀತ. ಸೆಕೆಯನ್ನೇ ರುಚಿಯಾಗಿ ಒಪ್ಪಿಕೊಂಡ ವೈನು ಅದು. ನಮ್ಮ ಭರಣಿಯ ಸಿಹಿ ವೈನಿಗೆ ಬೋರ್ಡೊಗಿಂತ ಮದೀರಾ ಹತ್ತಿರದ ನೆಂಟ ಎಂದು ನನಗನಿಸುತ್ತದೆ. ಹೋಲಿಸಬೇಕಿದ್ದರೆ ಅದರೊಡನೆ ಹೋಲಿಸಬೇಕಿತ್ತು.

ನಂದಿಯ ತಪ್ಪಲಿನ ಹೊಸ ಪಕ್ಷ

ಕರ್ನಾಟಕದಲ್ಲಿ ಬಾಟಲಿಯಲ್ಲಿಟ್ಟು ಕಾಯಬೇಕಾದ ಕೆಂಪು ವೈನು ಮಾಡುತ್ತೇವೆ ಎಂದು ಹೊರಟವರು ದೊಡ್ಡಬಳ್ಳಾಪುರದ ಗ್ರೋವರ್ ಕುಟುಂಬ. 1988ರಲ್ಲಿ ಕನ್ವಲ್ ಗ್ರೋವರ್ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಜತೆಗೂಡಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ತಳಿಗಳನ್ನು ಊರಿದರು. 1990ರ ದಶಕದಲ್ಲಿ ಬೋರ್ಡೊದ ಮಿಶೆಲ್ ರೋಲಾಂ ಸಲಹೆಗಾರರಾದರು. ಕ್ಯಾಬರ್ನೆ ಸೊವಿನ್ಯೊ ಮತ್ತು ಶಿರಾಜ್ ಬೆರೆಸಿದ ಅವರ ‘ಲಾ ರಿಸರ್ವ್’ ಅನ್ನು 2005ರಲ್ಲಿ ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆ ಮೆಚ್ಚಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು ದ್ರಾಕ್ಷಾರಸ ಮಂಡಳಿ ಕಟ್ಟಿತು. ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್‌ನಲ್ಲಿ ಕೃಷ್ಮಾ ಎಸ್ಟೇಟ್ ಎದ್ದಿತು, ವಿಜಯಪುರ, ಬಾಗಲಕೋಟೆಯ ಕೃಷ್ಣಾ ಕಣಿವೆಯೂ ನಕ್ಷೆಗೆ ಬಂತು.

ಸಂದೇಹಿಗಳು ಹೇಳುವುದು ಹೀಗೆ: ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆರಡು ಸಲ ಸವರಬೇಕು, ಹಣ್ಣು ಮಾಗುವುದು ಬಿಸಿಲೇರುವ ಫೆಬ್ರವರಿ, ಮಾರ್ಚ್‌ನಲ್ಲಿ. ಬಿಸಿಲಿಗೆ ಹುಳಿ ಕರಗುತ್ತದೆ. ಹುಳಿಯಿಲ್ಲದ ವೈನು ಹೆಚ್ಚು ಕಾಲ ಬಾಳದು. ಪರ ವಹಿಸುವವರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚಿನ ಎತ್ತರ, ಅದರಿಂದ ಬರುವ ತಂಪು ರಾತ್ರಿಗಳನ್ನು ಮುಂದಿಡುತ್ತಾರೆ.

ಹೊಸ ನಾಡಿನ ವೈನಿನ ಬಗ್ಗೆ ಇಂಥ ತೀರ್ಪು ಕೊಡುವ ಆತುರಕ್ಕೆ ಹಿಂದೊಮ್ಮೆ ಮುಖಭಂಗವಾಗಿದೆ. 1976ರಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸ್ಸಿನಲ್ಲಿ ಏರ್ಪಡಿಸಿದ ಹೆಸರು ಮುಚ್ಚಿದ ಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯದ ಕೆಂಪು ವೈನು ಬೋರ್ಡೊವನ್ನು ಸೋಲಿಸಿದಾಗ, ಇವು ಎಳೆಯದಿರುವಾಗ ಮಿಂಚುತ್ತವೆ, ವಯಸ್ಸಾದರೆ ಬೀಳುತ್ತವೆ ಎಂದು ಫ್ರೆಂಚರು ಸಮಾಧಾನ ಮಾಡಿಕೊಂಡರು. ಮೂವತ್ತು ವರ್ಷ ಬಿಟ್ಟು 2006ರಲ್ಲಿ ಅವೇ ಸುಗ್ಗಿಗಳನ್ನು ಮತ್ತೆ ಪರೀಕ್ಷಿಸಿದಾಗ ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಕ್ಕೇ ಹೋದವು. ರಿಡ್ಜ್ ಮಾಂಟೆ ಬೆಲ್ಲೊ 1971 ಮೊದಲ ಸ್ಥಾನ ಪಡೆಯಿತು. ನಂದಿಗೆ ಇದೇ ಆಗುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕಾಯದೆ ಹೇಳಲಾಗದು ಎಂದಷ್ಟೇ ಸಿದ್ಧವಾಗುತ್ತದೆ.

ನಾಲಿಗೆಯನ್ನು ನಂಬದವರು

ಇನ್ನೊಂದು ಪಕ್ಷ ಇಡೀ ಆಟವನ್ನೇ ಅನುಮಾನಿಸುತ್ತದೆ. 2001ರಲ್ಲಿ ಬೋರ್ಡೊದಲ್ಲಿ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ಅವರು ಕೆಂಪು ವೈನಿನ ಪದಗಳಲ್ಲೇ ಅದನ್ನು ವರ್ಣಿಸಿದರು. ಕ್ಯಾಲಿಫೋರ್ನಿಯದ ರಾಬರ್ಟ್ ಹಾಡ್ಜ್‌ಸನ್ ವೈನ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ವೈನನ್ನು ಒಂದೇ ಸರದಿಯಲ್ಲಿ ಮೂರು ಸಲ ಕೊಟ್ಟು ನೋಡಿದರು. ಒಂದೇ ಅಂಕ ಕೊಡಬಲ್ಲ ತೀರ್ಪುಗಾರರು ವಿರಳವಾಗಿದ್ದರೆಂದು 2008ರಲ್ಲಿ ವರದಿ ಮಾಡಿದರು. ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ ನಾಲಿಗೆಯನ್ನೇ ಬಿಟ್ಟು, ಚಳಿಗಾಲದ ಮಳೆ, ಬೆಳೆಗಾಲದ ಬಿಸಿಲು, ಸುಗ್ಗಿಯ ಮಳೆ, ವಯಸ್ಸು ಇಷ್ಟರಿಂದ ಬೋರ್ಡೊದ ಹರಾಜು ಬೆಲೆಯ ಏರಿಳಿತದ ಹೆಚ್ಚಿನ ಪಾಲನ್ನು ವಿವರಿಸಿದರು. ಅವರ ಲೆಕ್ಕದಲ್ಲಿ ವಯಸ್ಸಿನಿಂದ ಬರುವ ಏರಿಕೆ ವರ್ಷಕ್ಕೆ ಶೇ. 2ರಿಂದ 3, ಬ್ಯಾಂಕಿನ ಬಡ್ಡಿ ನೋಡಿದವರಿಗೆ ಇದು ಪವಾಡವೇನಲ್ಲ.

ಸಂಗ್ರಹಕಾರರ ಲೋಕ ಈ ಪಕ್ಷಕ್ಕೆ ಪುರಾವೆ ಒದಗಿಸುತ್ತಲೇ ಇದೆ. 1985ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ನರದ್ದೆಂದು ಹೇಳಲಾದ 1787ರ ಬೋರ್ಡೊದ ಲಫೀತ್ ಬಾಟಲಿ 1,05,000 ಪೌಂಡಿಗೆ ಹೋಯಿತು. ಕೊಂಡವರು ಪ್ರದರ್ಶನಕ್ಕಿಟ್ಟಾಗ ದೀಪದ ಶಾಖಕ್ಕೆ ಬಿರಡೆ ಒಣಗಿ ಬಾಟಲಿಯೊಳಕ್ಕೆ ಬಿತ್ತು. ಆ ಬಾಟಲಿಗಳ ಗುಂಪಿನ ಸಾಚಾತನದ ಬಗ್ಗೆ ಆಮೇಲೆ ದಾವೆಗಳೇ ನಡೆದವು. ಹೊಸ ವೈನುಗಳನ್ನು ಬೆರೆಸಿ ಹಳೆಯದೆಂದು ಮಾರುತ್ತಿದ್ದ ರೂಡಿ ಕುರ್ನಿಯವಾನ್‌ಗೆ 2014ರಲ್ಲಿ ಅಮೆರಿಕದಲ್ಲಿ ಹತ್ತು ವರ್ಷ ಜೈಲಾಯಿತು. ಅವನ ಗಿರಾಕಿಗಳು ಪಳಗಿದ ನಾಲಿಗೆಯವರೇ.

ಇಷ್ಟಾದರೂ ಈ ಪಕ್ಷ ತುಸು ಅತಿಗೆ ಹೋಗುತ್ತದೆ. ತಜ್ಞ ಎಡವುತ್ತಾನೆ ಎಂಬುದರಿಂದ ಬಾಟಲಿಯೊಳಗೆ ಏನೂ ಬದಲಾಗಿಲ್ಲ ಎಂದಾಗುವುದಿಲ್ಲ.

ಲೋಟ ಮುಟ್ಟದವರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳ ಮಟ್ಟಿಗೆ ಬಹುದೊಡ್ಡ ಪಕ್ಷ ಇದೇ. 1430ರ ಸಾವಿರ ಕಂಬದ ಬಸದಿಯ ಮೂಡುಬಿದಿರೆಯಲ್ಲಿ ಜೈನ ಗೃಹಸ್ಥರಾದ ಶ್ರಾವಕರ ಮೂಲಗುಣಗಳಲ್ಲೇ ಮದ್ಯತ್ಯಾಗ ಸೇರಿದೆ. ಹುದುಗುವುದೆಂದರೆ ಲೆಕ್ಕವಿಲ್ಲದ ಜೀವಗಳ ಹುಟ್ಟು ಸಾವು. ಆಹಾರಕ್ಕೆ ಕಾಲದ ‘ಮರ್ಯಾದೆ’ ಇಟ್ಟು, ಅದು ಮೀರಿದ ಹಿಟ್ಟನ್ನೂ ಮುಟ್ಟದ ಜೈನ ಅಡುಗೆಮನೆಗೆ ಹಳತು ಎಂಬುದು ಎಂದೂ ಹೊಗಳಿಕೆಯ ಮಾತಲ್ಲ. ಮುಸ್ಲಿಮರಿಗೆ ಮದ್ಯ ನಿಷಿದ್ಧ. ಕಳ್ಳು ಇಳಿಸುವ ಕಸುಬು ಕುಲದ ಕಸುಬಾಗಿದ್ದ ಬಿಲ್ಲವರಿಗೆ ಕುದ್ರೋಳಿಯಲ್ಲಿ 1912ರಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳ ಉಪದೇಶವೇ ಮದ್ಯ ಬೇಡ ಎಂಬುದು. ಕಳ್ಳಿನ ಮಟ್ಟಿಗಂತೂ ವಯಸ್ಸಿನ ಪ್ರಶ್ನೆ ಏಳುವುದೇ ಇಲ್ಲ. ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ ಹೊರಟ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ಹಳ್ಳಿಹಳ್ಳಿಗೆ ಒಯ್ದಿದೆ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ 1990ರ ದಶಕದ ಉತ್ಸಾಹಕ್ಕೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ತಣ್ಣೀರೆರಚಿತು: ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ. ಬಾಟಲಿಯ ವಯಸ್ಸಿನಿಂದ ಈ ಮಾತು ಬದಲಾಗುವುದಿಲ್ಲ.

ಇತ್ಯರ್ಥವಾಗದವು

ಟ್ಯಾನಿನ್ ಮೃದುವಾಗುವುದರ ನಿಜವಾದ ದಾರಿ ಯಾವುದು, ಬಾಟಲಿಗೆ ಎಷ್ಟು ಗಾಳಿ ಬೇಕು ಎಂಬೆರಡೂ ಪ್ರಯೋಗಶಾಲೆಯಲ್ಲೇ ತೆರೆದಿವೆ. ನಂದಿ, ಹಂಪಿಯ ಕೆಂಪು ವೈನು ಇಪ್ಪತ್ತು ವರ್ಷ ತಡೆದೀತೇ ಎಂಬುದಕ್ಕೆ ಪ್ಯಾರಿಸ್ಸಿನಂಥ ಮರುಪರೀಕ್ಷೆ ಬೇಕು. ಅದಕ್ಕೆ ಮೊದಲ ಸುಗ್ಗಿಗಳ ಬಾಟಲಿಗಳು ತಂಪಿನಲ್ಲಿ ಉಳಿದಿರಬೇಕು. ಅರಿಷ್ಟ ಹಳತಾದಷ್ಟೂ ಗುಣ ಹೆಚ್ಚು ಎಂಬ ಶಾರ್ಙ್ಗಧರನ ಮಾತು ಮತ್ತು ಆಧುನಿಕ ಔಷಧಿಯ ಅವಧಿ ಮುಗಿಯುವ ದಿನಾಂಕ ಒಂದಕ್ಕೊಂದು ಇನ್ನೂ ಹೊಂದಿಕೊಂಡಿಲ್ಲ.

ಮನೆಯ ವೈನಿನ ಪ್ರಶ್ನೆಗೆ ಕಾನೂನಿನ ಗಂಟೂ ಇದೆ. ಕರ್ನಾಟಕ ಅಬಕಾರಿ ಕಾಯಿದೆಯಂತೆ ಮದ್ಯ ತಯಾರಿಕೆಗೆ ಪರವಾನಗಿ ಬೇಕು, ಹಬ್ಬದ ಭರಣಿ ರೂಢಿಯ ಬಲದಲ್ಲಿ ನಿಂತಿದೆ. ಯಾರೂ ಲೇಬಲ್ ಹಚ್ಚಿ ದಿನಾಂಕ ಬರೆಯದ, ಮಾರಾಟಕ್ಕಿಲ್ಲದ, ಪರೀಕ್ಷೆಗೆ ಕಳುಹಿಸದ ವೈನಿನ ಆಯುಸ್ಸನ್ನು ಅಳೆಯುವುದು ಹೇಗೆ? ಹೆಚ್ಚು ಸಕ್ಕರೆ ಅದನ್ನು ಎಷ್ಟು ಕಾಲ ಕಾಯುತ್ತದೆ, ಇಲ್ಲಿನ ಸೆಕೆ ಅದನ್ನು ಮದೀರಾದ ಕಡೆಗೆ ಒಯ್ಯುತ್ತದೆಯೋ ವಿನೆಗರಿನ ಕಡೆಗೋ ಎಂಬುದನ್ನು ಒಂದೇ ಭರಣಿಯ ಬಾಟಲಿಗಳನ್ನು ವರ್ಷವರ್ಷಕ್ಕೆ ತೆರೆದು, ಹೆಸರು ಮುಚ್ಚಿ ಪರೀಕ್ಷಿಸಿ ತಿಳಿಯಬೇಕು. ಸುಟ್ಟ ಸಕ್ಕರೆ ಹಾಕಿದ ಬಾಟಲಿಯನ್ನೂ ಹಾಕದ್ದನ್ನೂ ಜತೆಗಿಟ್ಟರೆ, ನಾವು ಮೆಚ್ಚುವುದು ವಯಸ್ಸನ್ನೋ ಅದರ ಬಣ್ಣವನ್ನೋ ಎಂಬುದೂ ಅದೇ ಮೇಜಿನ ಮೇಲೆ ಗೊತ್ತಾದೀತು.